ಜಿಂಕೆ ಬೇಟೆಯ ಹಂಗಾಮು, ಮಗುವಿನ ಮೊದಲ ಬೇಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಕ್ಟೋಬರ್ ಹತ್ತಿರವಾದಂತೆ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಓದುಗರಿಂದ ಜಿಂಕೆ ಬೇಟೆಯ ಕುರಿತು ಪತ್ರಗಳು ಬರತೊಡಗುತ್ತವೆ. ಈ ಬಾರಿ ಬಂದವುಗಳಲ್ಲಿ ಹೆಚ್ಚಿನವು ವಿಸ್ಕಾನ್ಸಿನ್ ರಾಜ್ಯದವು, ಮತ್ತು ಹೆಚ್ಚುಕಡಿಮೆ ಎಲ್ಲವೂ ಮಕ್ಕಳನ್ನು ಕುರಿತವು. ಆ ರಾಜ್ಯದಲ್ಲಿ ಬೇಟೆಗಾರರ ಸುರಕ್ಷತಾ ತರಗತಿಗಳಲ್ಲಿ ಹಲವು ವರ್ಷ ಸ್ವಯಂಸೇವಕನಾಗಿ ಪಾಠ ಹೇಳಿದ್ದೇನೆ. ನನ್ನ ಇಬ್ಬರು ಮಕ್ಕಳನ್ನೂ ಅವರ ಮೊದಲ ಬೇಟೆಗೆ ನಾನೇ ಕರೆದೊಯ್ದಿದ್ದೇನೆ. ಆ ಅನುಭವದ ಆಧಾರದ ಮೇಲೆ ಐದು ಪತ್ರಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದಲೂ ವರ್ಷದಿಂದ ವರ್ಷಕ್ಕೆ ತಿದ್ದುಪಡಿ ಕಾಣುವುದರಿಂದಲೂ ಪರವಾನಗಿ ಕೊಳ್ಳುವ ಮುನ್ನ ನಿಮ್ಮ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಆ ವರ್ಷದ ಕೈಪಿಡಿಯನ್ನು ತಪ್ಪದೆ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಮಗನಿಗೆ ಈಗ ಹನ್ನೊಂದು ವರ್ಷ. ಪಕ್ಕದ ಮನೆಯವರು ಪ್ರತಿ ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ. ಈ ವರ್ಷ ಅವರ ಮಗಳೊಂದಿಗೆ ನಮ್ಮ ಮಗನನ್ನೂ ಕರೆದೊಯ್ಯುವುದಾಗಿ ಹೇಳಿದ್ದಾರೆ, ಅವನೂ ಹಟ ಹಿಡಿದಿದ್ದಾನೆ. ನಾವು ಮಾಂಸಾಹಾರಿಗಳೇ ಆದರೂ ನಮ್ಮ ಮನೆಯಲ್ಲಿ ಕೋವಿ ಹಿಡಿದವರು ಯಾರೂ ಇಲ್ಲ. ಕಳುಹಿಸಬಹುದೇ? ಏನೇನು ಸಿದ್ಧತೆ ಬೇಕು? (ಒಬ್ಬ ತಾಯಿ, ವಿಸ್ಕಾನ್ಸಿನ್)

ಉತ್ತರ: ಕಾನೂನಿನ ಭಾಗ ಚಿಕ್ಕದಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆಯ ಪರವಾನಗಿ ಪಡೆಯಬೇಕಾದರೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಹೊಂದಿರಬೇಕು. ಆ ತರಬೇತಿ ಮುಗಿಯದವರಿಗೆ ಮಾರ್ಗದರ್ಶಿಯೊಬ್ಬರ ಜೊತೆಯಲ್ಲಿ ಬೇಟೆಯಾಡುವ ಪ್ರತ್ಯೇಕ ವ್ಯವಸ್ಥೆ ಇದೆ. ಮಾರ್ಗದರ್ಶಿಗೆ 18 ವರ್ಷ ತುಂಬಿರಬೇಕು, ಅವರ ಬಳಿ ಆ ವರ್ಷದ ಪರವಾನಗಿ ಇರಬೇಕು, ಹೆತ್ತವರಲ್ಲದಿದ್ದರೆ ಹೆತ್ತವರ ಒಪ್ಪಿಗೆ ಇರಬೇಕು, ಮತ್ತು ಅವರು ಎಲ್ಲ ಸಮಯದಲ್ಲೂ ಮಗುವಿನಿಂದ ಒಂದು ತೋಳಿನ ಅಳತೆಗಿಂತ ದೂರ ಸರಿಯಬಾರದು. ಈ ವ್ಯವಸ್ಥೆಯಲ್ಲಿ ಹಿಂದೆ ಇದ್ದ ಹತ್ತು ವರ್ಷದ ಕನಿಷ್ಠ ವಯೋಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು. ಆದ್ದರಿಂದ ನಿಮ್ಮ ಮಗನಿಗೆ ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ಒಬ್ಬ ಮಾರ್ಗದರ್ಶಿ ಏಕಕಾಲಕ್ಕೆ ಒಂದೇ ಮಗುವಿಗೆ ಮಾರ್ಗದರ್ಶಿಯಾಗಬಹುದು ಎಂಬುದನ್ನು ನಿಮ್ಮ ನೆರೆಯವರಿಗೆ ನೆನಪಿಸಿ. ಅವರ ಮಗಳೂ ತರಬೇತಿ ಮುಗಿಸದವಳಾಗಿದ್ದರೆ ಇಬ್ಬರನ್ನೂ ಒಬ್ಬರೇ ನೋಡಿಕೊಳ್ಳಲಾಗದು.

ಕಾನೂನು ಒಪ್ಪಿದ ಮಾತ್ರಕ್ಕೆ ಮಗು ಸಿದ್ಧವಾಗಿದೆ ಎಂದು ಅರ್ಥವಲ್ಲ. ನನ್ನ ಖಚಿತ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ: ಮೊದಲ ಹಂಗಾಮಿನಲ್ಲಿ ಮಗು ಕೋವಿಯಿಲ್ಲದೆ ಹೋಗಲಿ. ಬೆಳಕು ಹರಿಯುವ ಮೊದಲೇ ಎದ್ದು, ಕತ್ತಲಲ್ಲಿ ಕಾಡಿನ ಅಂಚಿಗೆ ನಡೆದು, ಅಲುಗಾಡದೆ ಕುಳಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಗಮನಿಸುತ್ತ, ಎಲೆ ಸರಿದ ಸದ್ದಿಗೆ ಕಿವಿಗೊಡುವುದೇ ಹನ್ನೊಂದರ ಹುಡುಗನಿಗೆ ಸಾಕಷ್ಟು ದೊಡ್ಡ ಕೆಲಸ. ಆ ಕೆಲಸದ ಮೇಲೆ ಕೊಲ್ಲುವ ಹೊಣೆಯನ್ನೂ ಅದೇ ದಿನ ಹೇರಿದರೆ ಎರಡರಲ್ಲಿ ಒಂದು ಕೆಡುತ್ತದೆ. ದೊಡ್ಡವರೊಬ್ಬರು ಜಿಂಕೆಯನ್ನು ಹೊಡೆಯುವುದನ್ನು, ಅನಂತರ ಅದನ್ನು ಹುಡುಕಿ ಕರುಳು ತೆಗೆದು ಮನೆಗೆ ತರುವುದನ್ನು ಅವನು ಒಮ್ಮೆ ಕಣ್ಣಾರೆ ನೋಡಲಿ. ಅದನ್ನು ನೋಡಿದ ಮೇಲೂ ಮುಂದಿನ ವರ್ಷ ತಾನೇ ಕೇಳಿದರೆ, ಆ ಬೇಡಿಕೆಯ ತೂಕವೇ ಬೇರೆ. ನನ್ನ ತರಗತಿಗೆ ಬಂದ ಮಕ್ಕಳಲ್ಲಿ ಹೀಗೆ ಒಂದು ವರ್ಷ ಸುಮ್ಮನೆ ಜೊತೆಗೆ ಕುಳಿತು ಬಂದವರನ್ನು ನಾನು ಮೊದಲ ಅರ್ಧ ಗಂಟೆಯಲ್ಲೇ ಗುರುತಿಸಬಲ್ಲವನಾಗಿದ್ದೆ. ಅವರ ಕೈ ಟ್ರಿಗರ್‌ನ ಕಡೆಗೆ ಅವಸರದಿಂದ ಹೋಗುತ್ತಿರಲಿಲ್ಲ.

ಹೋಗುವುದಾದರೆ ಯಾವಾಗ ಎಂಬುದೂ ಮುಖ್ಯ. ವಿಸ್ಕಾನ್ಸಿನ್‌ನ ಒಂಬತ್ತು ದಿನಗಳ ಕೋವಿ ಹಂಗಾಮು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಆರಂಭವಾಗುತ್ತದೆ. ಆ ಶನಿವಾರ ಕಾಡು ಬೇಟೆಗಾರರಿಂದ ತುಂಬಿರುತ್ತದೆ, ಚಳಿಯೂ ಕಡಿಮೆಯದಲ್ಲ. ಅದಕ್ಕೂ ಮೊದಲು, ಅಕ್ಟೋಬರ್‌ನ ಒಂದು ವಾರಾಂತ್ಯದ ಎರಡು ದಿನಗಳನ್ನು 15 ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳಿಗೆಂದೇ ಮೀಸಲಿಟ್ಟಿದ್ದಾರೆ. ಆಗ ಹವೆ ಹಿತವಾಗಿರುತ್ತದೆ, ಜನಸಂದಣಿ ಇರುವುದಿಲ್ಲ, ಜಿಂಕೆಗಳೂ ಗುಂಡಿನ ಸದ್ದಿಗೆ ಬೆದರಿ ಅಡಗಿರುವುದಿಲ್ಲ. ಸಾಧ್ಯವಿದ್ದರೆ ಅದನ್ನೇ ಆರಿಸಿಕೊಳ್ಳಿ.

ಇನ್ನು ನಿಮ್ಮ ನೆರೆಯವರ ವಿಷಯ. ಅವರು ಮೂವತ್ತು ವರ್ಷದಿಂದ ಬೇಟೆಯಾಡುತ್ತಿರಬಹುದು, ಗೋಡೆಯ ತುಂಬ ಕೊಂಬುಗಳಿರಬಹುದು. ಅದರಿಂದ ಅವರು ಮಗುವಿಗೆ ಒಳ್ಳೆಯ ಮಾರ್ಗದರ್ಶಿ ಎಂದು ತೀರ್ಮಾನಿಸಲಾಗದು. ಬೇಸಿಗೆಯಲ್ಲೇ ಒಂದು ದಿನ ಅವರೊಂದಿಗೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿ, ಏನನ್ನೂ ಕೇಳದೆ ಅವರ ಕೈಗಳನ್ನು ಮಾತ್ರ ನೋಡಿ. ಇಲ್ಲಿನ ತರಗತಿಗಳಲ್ಲಿ ನಾಲ್ಕು ಸೂತ್ರಗಳನ್ನು ಮಕ್ಕಳ ಬಾಯಲ್ಲಿ ನೂರು ಸಲ ಹೇಳಿಸುತ್ತೇವೆ: ಪ್ರತಿಯೊಂದು ಕೋವಿಯನ್ನೂ ತುಂಬಿದ ಕೋವಿಯೆಂದೇ ತಿಳಿ, ನಳಿಗೆಯನ್ನು ಸದಾ ಅಪಾಯವಿಲ್ಲದ ದಿಕ್ಕಿಗೇ ಇರಿಸು, ಗುರಿಯನ್ನೂ ಗುರಿಯ ಹಿಂದೆ ಇರುವುದನ್ನೂ ಖಚಿತಪಡಿಸಿಕೋ, ಹೊಡೆಯುವ ಕ್ಷಣದವರೆಗೆ ಬೆರಳನ್ನು ಟ್ರಿಗರ್‌ನ ಬಳೆಯ ಹೊರಗಿಡು. ಅವರು ಕೋವಿಯನ್ನು ಇನ್ನೊಬ್ಬರ ಕೈಗೆ ಕೊಡುವಾಗ ಗುಂಡು ತೆಗೆದು, ಬೋಲ್ಟ್ ತೆರೆದು, ತೋರಿಸಿ ಕೊಡುತ್ತಾರೆಯೇ? ಮಾತಾಡುತ್ತ ತಿರುಗಿದಾಗ ನಳಿಗೆಯೂ ತಿರುಗಿ ಯಾರದೋ ಕಾಲಿನ ಮೇಲೆ ಹಾದುಹೋಗುತ್ತದೆಯೇ? ಅವರ ಬೇಟೆಯ ತಂಡದಲ್ಲಿ ಹಗಲಿನಲ್ಲೇ ಬಿಯರ್ ಬಾಟಲಿ ತೆರೆಯುವ ಅಭ್ಯಾಸವಿದೆಯೇ? ಇವುಗಳಲ್ಲಿ ಒಂದರ ಬಗ್ಗೆಯಾದರೂ ಮನಸ್ಸಿನಲ್ಲಿ ಕಸಿವಿಸಿ ಉಂಟಾದರೆ, ನೆರೆಹೊರೆಯ ಸ್ನೇಹಕ್ಕೆ ಧಕ್ಕೆ ಬಂದೀತೆಂಬ ದಾಕ್ಷಿಣ್ಯವನ್ನು ಬದಿಗಿಟ್ಟು ಬೇಡವೆನ್ನಿ. ದಾಕ್ಷಿಣ್ಯಕ್ಕೆ ಬಲಿಯಾಗಲು ಇದು ಮದುವೆ ಮನೆಯ ಊಟವಲ್ಲ.

ಮಗನಿಗೆ ಸುರಕ್ಷತಾ ತರಗತಿಯನ್ನು ಮುಂಚಿತವಾಗಿಯೇ ಮಾಡಿಸಿ. ಮಾರ್ಗದರ್ಶಿಯ ಜೊತೆ ಹೋಗುವ ವ್ಯವಸ್ಥೆ ಇದೆಯೆಂದು ಅದನ್ನು ಬಿಡಬೇಡಿ. ನೀವೂ ಅವನ ಪಕ್ಕದಲ್ಲಿ ಕುಳಿತು ಕಲಿತರೆ ಇನ್ನೂ ಒಳ್ಳೆಯದು. ಕೋವಿಯನ್ನು ಮುಟ್ಟುವ ಇಚ್ಛೆ ನಿಮಗಿಲ್ಲದಿದ್ದರೂ, ಅದರಲ್ಲಿ ಗುಂಡು ಇದೆಯೋ ಇಲ್ಲವೋ ಎಂಬುದನ್ನು ನೋಡಿ ಹೇಳಲು ತಾಯಿಗೆ ಬರುತ್ತದೆ ಎಂಬ ಅರಿವು ಮಗನ ನಡವಳಿಕೆಯನ್ನು ತಿದ್ದುತ್ತದೆ.

ಬಟ್ಟೆಯ ಬಗ್ಗೆ ಎರಡು ಮಾತು. ಕೋವಿ ಹಂಗಾಮಿನಲ್ಲಿ ಸೊಂಟದಿಂದ ಮೇಲಿನ ಹೊರಬಟ್ಟೆಯ ಕನಿಷ್ಠ ಅರ್ಧಭಾಗ ಹೊಳೆಯುವ ಕಿತ್ತಳೆ ಬಣ್ಣದ್ದಾಗಿರಬೇಕೆಂದು ನಿಯಮವಿದೆ. 2016ರಿಂದ ಹೊಳೆಯುವ ಗುಲಾಬಿ ಬಣ್ಣವನ್ನೂ ಒಪ್ಪಿದ್ದಾರೆ. ಇಷ್ಟು ಕಣ್ಣು ಕುಕ್ಕುವ ಬಣ್ಣ ತೊಟ್ಟರೆ ಜಿಂಕೆ ಓಡಿಹೋಗದೇ ಎಂದು ಪ್ರತಿಯೊಂದು ಮಗುವೂ ಕೇಳುತ್ತದೆ. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಬಣ್ಣಗಳು ನಮಗೆ ಕಾಣುವಂತೆ ಕಾಣುವುದಿಲ್ಲ, ಅವು ಮಂಕಾಗಿ ಸುತ್ತಲಿನ ಬಣ್ಣಗಳಲ್ಲಿ ಬೆರೆತುಹೋಗುತ್ತವೆ; ನೀಲಿ ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನೀಲಿ ಜೀನ್ಸ್ ಬೇಡ. ಜಿಂಕೆ ನಮ್ಮನ್ನು ಪತ್ತೆಹಚ್ಚುವುದು ಮುಖ್ಯವಾಗಿ ಮೂಗಿನಿಂದ ಮತ್ತು ನಮ್ಮ ಅಲುಗಾಟದಿಂದ. ಮಗು ಬೇಟೆಯನ್ನು ದ್ವೇಷಿಸುವಂತೆ ಮಾಡುವುದು ಮಾತ್ರ ಬಹುಪಾಲು ಸಂದರ್ಭಗಳಲ್ಲಿ ರಕ್ತವಲ್ಲ, ಚಳಿ. ಕಾಲಿನ ಬೆರಳುಗಳು ಮರಗಟ್ಟಿದ ಮಗುವಿಗೆ ಕಾಡಿನ ಸೊಗಸು ಕಾಣುವುದಿಲ್ಲ. ಉಣ್ಣೆಯ ಕಾಲುಚೀಲ, ಒಂದು ಅಳತೆ ದೊಡ್ಡದಾದ ಬೂಟು, ಕೈ ಬಿಸಿಮಾಡುವ ಪೊಟ್ಟಣ, ಫ್ಲಾಸ್ಕಿನಲ್ಲಿ ಬಿಸಿಯಾದದ್ದೇನಾದರೂ ಇರಲಿ. ಎರಡು ತಾಸಿನಲ್ಲಿ ಮುಗಿಸಿ ಮನೆಗೆ ಬನ್ನಿ.

ಮರದ ಮೇಲಿನ ಅಟ್ಟಣೆ ಮೊದಲ ವರ್ಷಕ್ಕೆ ಬೇಡವೇ ಬೇಡ. ಈ ದೇಶದಲ್ಲಿ ಜಿಂಕೆ ಬೇಟೆಗಾರರು ಗಾಯಗೊಳ್ಳುವ ಪ್ರಮುಖ ಕಾರಣಗಳಲ್ಲಿ ಅಟ್ಟಣೆಯಿಂದ ಬೀಳುವುದೂ ಒಂದು. ಅನುಭವಿಗಳೇ ಇಡೀ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿಯಿಲ್ಲದೆ ಹತ್ತಬಾರದು, ಕೋವಿಯನ್ನು ಹೆಗಲಿಗೇರಿಸಿ ಹತ್ತದೆ, ಗುಂಡು ತೆಗೆದು ಅನಂತರ ಹಗ್ಗದಿಂದ ಮೇಲಕ್ಕೆಳೆದುಕೊಳ್ಳಬೇಕು. ನೆಲದ ಮೇಲೆ ನಿಲ್ಲಿಸುವ ಮರೆಗುಡಾರ ಮಗುವಿಗೆ ಎಲ್ಲ ರೀತಿಯಲ್ಲೂ ಮೇಲು. ಅಲ್ಲಿ ಅದು ಸ್ವಲ್ಪ ಹೊರಳಾಡಬಹುದು, ಪಿಸುಮಾತಿನಲ್ಲಿ ಪ್ರಶ್ನೆ ಕೇಳಬಹುದು.

ಎರಡನೆಯ ವರ್ಷ ಅವನೇ ಕೋವಿ ಹಿಡಿಯುವುದಾದರೆ, ಅವನ ತೋಳಿನ ಅಳತೆಗೆ ಹೊಂದುವ ಗಿಡ್ಡ ಹಿಡಿಯ ಕೋವಿ ಬೇಕು. ಅಪ್ಪಂದಿರ ದೊಡ್ಡ ಕೋವಿಯ ಒದೆತ ತಿಂದ ಮಗು ಮುಂದೆ ಪ್ರತಿ ಸಲ ಟ್ರಿಗರ್ ಎಳೆಯುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತದೆ, ಆ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಚಿಕ್ಕ ಗುಂಡಿನ .22 ಕೋವಿಯಿಂದ ಆರಂಭಿಸಿ, ಕೈ ಪಳಗಿದ ಮೇಲೆ .243ರಂತಹ ಮೆದು ಒದೆತದ ಕೋವಿಗೆ ಹೋಗುವುದು ರೂಢಿ. ಅಭ್ಯಾಸದ ಒಂದೊಂದು ಗುಂಡಿಗೂ ಕಿವಿಗಳಿಗೆ ರಕ್ಷಣೆ ಇರಲಿ. ರೈಫಲ್‌ನ ಸದ್ದು 140 ಡೆಸಿಬೆಲ್ ದಾಟುತ್ತದೆ, ಒಂದೇ ಸದ್ದಿನಿಂದಲೂ ಶ್ರವಣಶಕ್ತಿಗೆ ಶಾಶ್ವತ ಹಾನಿಯಾಗಬಹುದು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ, ಅಂದರೆ ಊಟದ ಒಂದು ಪೇಪರ್ ತಟ್ಟೆಯಷ್ಟು. ಮೇಜಿನ ಆಸರೆಯಿಲ್ಲದೆ, ಕಾಡಿನಲ್ಲಿ ಕೂರುವ ಭಂಗಿಯಲ್ಲೇ ಕುಳಿತು, 50 ಗಜ ದೂರದ ತಟ್ಟೆಗೆ ಹತ್ತಕ್ಕೆ ಹತ್ತು ಗುಂಡು ತಾಗಿಸುವವರೆಗೆ ಅವನು ಜಿಂಕೆಯತ್ತ ಕೋವಿ ಎತ್ತಕೂಡದು. ಹತ್ತಕ್ಕೆ ಎಂಟು ತಾಗಿದರೆ ಅದು ಶಾಲೆಯಲ್ಲಿ ಒಳ್ಳೆಯ ಅಂಕ. ಇಲ್ಲಿ ಉಳಿದ ಆ ಎರಡು ಗುಂಡುಗಳು ಗಾಯಗೊಂಡು ಓಡಿಹೋಗುವ ಎರಡು ಜಿಂಕೆಗಳು.

ಕೊನೆಯದಾಗಿ, ಹೊರಡುವ ಹಿಂದಿನ ರಾತ್ರಿ ನೀವೇ ಅವನೊಡನೆ ಕುಳಿತು ಒಂದು ಒಪ್ಪಂದ ಮಾಡಿಕೊಳ್ಳಿ. ಯಾವ ಕ್ಷಣದಲ್ಲಿ ಬೇಕಾದರೂ, ಗುರಿ ಹಿಡಿದ ಮೇಲೂ, ಅವನು "ಬೇಡ" ಎನ್ನಬಹುದು. ಎಂದರೆ ಯಾರೂ ಕಾರಣ ಕೇಳಕೂಡದು, ಮನೆಗೆ ಬಂದ ಮೇಲೆ ಯಾರೂ ಅದನ್ನು ಕಥೆ ಮಾಡಿ ಹೇಳಿ ನಗಕೂಡದು. ಈ ಮಾತನ್ನು ನೆರೆಯವರ ಎದುರಿನಲ್ಲೇ ಆಡಿ, ಅವರಿಂದಲೂ ಒಪ್ಪಿಗೆ ಪಡೆದುಕೊಳ್ಳಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಇಲ್ಲಿಯೇ ಹುಟ್ಟಿದ ನನ್ನ ಮಗನ ಜೊತೆ ನಾನೂ ಬೇಟೆಗೆ ಹೋಗಬಹುದೇ? (ಓದುಗರು, ಮಿನ್ನೆಸೋಟ)

ಉತ್ತರ: ಈ ಪ್ರಶ್ನೆಯನ್ನು ಕೇಳದೆಯೇ ಸ್ನೇಹಿತರ ಕೋವಿಯನ್ನು ಕೈಗೆತ್ತಿಕೊಂಡವರನ್ನು ಕಂಡಿದ್ದೇನೆ, ಆದ್ದರಿಂದ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಉದ್ಯೋಗಕ್ಕೆ ಬಂದವರ ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿಗಳ ಎಫ್-1 ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ನೀಡಿದ ಬೇಟೆ ಪರವಾನಗಿ ಉಳ್ಳವರಿಗೆ ಅದೇ ಕಾನೂನು ವಿನಾಯಿತಿ ಕೊಟ್ಟಿದೆ. ಆ ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಗೆ ಆಧಾರವಿರುವುದಿಲ್ಲ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯವಾಗುವುದಿಲ್ಲ.

ಇಲ್ಲಿ ಒಂದು ಸಣ್ಣ ತಪ್ಪಿನ ಬೆಲೆ ವೀಸಾ ಆಗಬಹುದು. ಆದ್ದರಿಂದ ಪರವಾನಗಿ ಕೊಳ್ಳುವ ಮುನ್ನ ವಲಸೆ ಕಾನೂನಿನ ವಕೀಲರೊಬ್ಬರನ್ನು ಕಾಣಿರಿ. ಮೊದಲ ವರ್ಷ ಮಗನಿಗೆ ಅನುಭವಿ ನಾಗರಿಕರೊಬ್ಬರು ಮಾರ್ಗದರ್ಶಿಯಾಗಲಿ, ಕೋವಿ ಅವರ ಮನೆಯಲ್ಲೇ ಬೀಗದೊಳಗಿರಲಿ, ನೀವು ಕಿತ್ತಳೆ ಅಂಗಿ ತೊಟ್ಟು ಬರಿಗೈಯಲ್ಲಿ ಮಗನ ಪಕ್ಕ ಕುಳಿತಿರಿ. ಮಗನಿಗೆ ಬೇಕಾಗಿರುವುದು ನಿಮ್ಮ ಜೊತೆ, ನಿಮ್ಮ ಕೋವಿಯಲ್ಲ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಬಂದಿದ್ದೇನೆ. ನಮ್ಮ ದೇಶದಲ್ಲಿ ಜಿಂಕೆಯನ್ನು ಕೊಂದರೆ ಜೈಲು. ಇಲ್ಲಿ ಸರ್ಕಾರವೇ ದಿನಾಂಕ ಗೊತ್ತುಮಾಡಿ ಕೊಲ್ಲಿಸುತ್ತದೆ, ಮಕ್ಕಳಿಗೂ ಅನುಮತಿ ಕೊಡುತ್ತದೆ. ನನಗೆ ಇದು ಅರಗುತ್ತಿಲ್ಲ. ಇದರ ಹಿಂದಿನ ನ್ಯಾಯವೇನು? (ಹಿರಿಯ ಓದುಗರು, ಮೂಲತಃ ಶಿವಮೊಗ್ಗ)

ಉತ್ತರ: ಹಿರಿಯರೇ, ತಮಗೆ ಅರಗದಿರುವುದು ಸಹಜ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಮೊದಲು ಕೆಲವು ಪ್ರಾಣಿಗಳಿಗೆ ಪರವಾನಗಿ ಕೊಡಲು ಅವಕಾಶವಿತ್ತಾದರೂ 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಮ್ಮ ಕಾಡುಗಳಲ್ಲಿ ಜಿಂಕೆಯನ್ನು ನಂಬಿ ಬದುಕುವ ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ಉಳಿದಿವೆ. ಅಲ್ಲಿ ಮನುಷ್ಯ ಕೋವಿ ಹಿಡಿದು ಹೋದರೆ ಅವುಗಳ ತಟ್ಟೆಗೆ ಕೈ ಹಾಕಿದಂತೆ. ಆದ್ದರಿಂದ ಅಲ್ಲಿಯ ನಿಷೇಧ ಸರಿಯಾದದ್ದೆಂದೇ ನಾನು ನಂಬಿದ್ದೇನೆ.

ಇಲ್ಲಿಯ ಚರಿತ್ರೆ ಬೇರೆ ದಾರಿ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸ ಮತ್ತು ಚರ್ಮದ ಮಾರಾಟಕ್ಕಾಗಿ ಲಗಾಮಿಲ್ಲದೆ ಕೊಂದದ್ದರಿಂದ 1900ರ ಹೊತ್ತಿಗೆ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಐದು ಲಕ್ಷವೂ ಉಳಿದಿರಲಿಲ್ಲ ಎಂಬುದು ತಜ್ಞರ ಅಂದಾಜು. ಅದೇ ವರ್ಷ ಬಂದ ಲೇಸಿ ಕಾಯಿದೆ ಅಕ್ರಮವಾಗಿ ಕೊಂದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ಅಪರಾಧವಾಗಿಸಿತು. ಕಾಡಿನ ಜಿಂಕೆಯ ಮಾಂಸವನ್ನು ಇಂದಿಗೂ ಬೇಟೆಗಾರನು ಮಾರುವಂತಿಲ್ಲ. ತಾನು ತಿನ್ನಬಹುದು, ಹಂಚಬಹುದು, ದಾನ ಮಾಡಬಹುದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಮೂಲಕ ಬೇಟೆಯ ಕೋವಿ ಮತ್ತು ಗುಂಡುಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿಗಳ ಪುನಶ್ಚೇತನಕ್ಕಾಗಿ ರಾಜ್ಯಗಳಿಗೆ ಹೋಗುವಂತಾಯಿತು. ಮಕ್ಕಳಿಗೆ ಸುರಕ್ಷತೆ ಕಲಿಸುವ ತರಗತಿಗಳಿಗೂ ಇಂದು ಅದೇ ಹಣ ಒದಗುತ್ತದೆ. ಜಿಂಕೆಗಳು ಚೇತರಿಸಿಕೊಂಡು ಇಂದು ಸುಮಾರು ಮೂರು ಕೋಟಿಯಷ್ಟಾಗಿವೆ.

ಆದರೆ ಅವುಗಳನ್ನು ಹಿಡಿಯುತ್ತಿದ್ದ ತೋಳಗಳೂ ಪ್ಯೂಮಾಗಳೂ ದೇಶದ ಹೆಚ್ಚಿನ ಭಾಗಗಳಿಗೆ ಮರಳಲಿಲ್ಲ. ಹೀಗಾಗಿ ಜಿಂಕೆಗಳು ಹೆಚ್ಚಿದ ಕಡೆ ಕಾಡಿನ ಎಳೆಯ ಸಸಿಗಳು ಮೊಣಕಾಲೆತ್ತರಕ್ಕೂ ಬೆಳೆಯುವುದಿಲ್ಲ, ನೆಲದ ಹೂಗಿಡಗಳು ಮಾಯವಾಗುತ್ತವೆ, ಕಠಿಣ ಚಳಿಗಾಲದಲ್ಲಿ ಮೇವು ಸಾಲದೆ ಮರಿಗಳು ಮೊದಲು ಸಾಯುತ್ತವೆ, ರಸ್ತೆಗಳಲ್ಲಿ ವಾಹನಗಳಿಗೆ ಸಿಕ್ಕಿ ಸಾಯುವವಂತೂ ಲೆಕ್ಕವಿಲ್ಲ. ವಿಸ್ಕಾನ್ಸಿನ್‌ನ ವನ್ಯಜೀವಿ ವಿಜ್ಞಾನಿ ಆಲ್ಡೊ ಲಿಯೊಪೋಲ್ಡ್ 1940ರ ದಶಕದಲ್ಲೇ ಈ ಅಪಾಯವನ್ನು ಹೇಳಿ, ಹೆಣ್ಣು ಜಿಂಕೆಗಳ ಸಂಖ್ಯೆಯನ್ನೂ ತಗ್ಗಿಸಬೇಕೆಂದು ವಾದಿಸಿ, ಜನರ ತೀವ್ರ ವಿರೋಧ ಎದುರಿಸಿದರು.

ಹಂಗಾಮು ಶರತ್ಕಾಲದಲ್ಲೇ ಏಕೆ ಎಂಬುದಕ್ಕೂ ಕಾರಣವಿದೆ. ಬಿಳಿಬಾಲದ ಜಿಂಕೆಯ ಗರ್ಭಾವಧಿ ಸುಮಾರು 200 ದಿನ; ಉತ್ತರದ ರಾಜ್ಯಗಳಲ್ಲಿ ನವೆಂಬರ್‌ನಲ್ಲಿ ಬೆದೆಗೆ ಬಂದ ಹೆಣ್ಣು ಮೇ ಕೊನೆ ಅಥವಾ ಜೂನ್‌ನಲ್ಲಿ ಮರಿ ಹಾಕುತ್ತದೆ. ಆ ಮರಿ ಶರತ್ಕಾಲದ ಹೊತ್ತಿಗೆ ತಾಯಿಯ ಹಾಲು ಬಿಟ್ಟು ತಾನೇ ಮೇಯಲು ಕಲಿತಿರುತ್ತದೆ. ಹೆಣ್ಣು ಜಿಂಕೆಯನ್ನು ಹೊಡೆದರೆ ಪೊದೆಯಲ್ಲಿ ಹಾಲಿಗಾಗಿ ಕಾಯುವ ಮರಿಯೊಂದು ಉಪವಾಸ ಸಾಯುವುದಿಲ್ಲ ಎಂಬ ಭರವಸೆ ಆ ದಿನಾಂಕಗಳ ಹಿಂದೆ ಇದೆ. ಬೇಟೆಗೆ ಹೊರಟ ಪ್ರತಿಯೊಂದು ಮಗುವಿಗೂ ಈ ಲೆಕ್ಕವನ್ನು ನಾನು ಹೇಳಿಕೊಡುತ್ತಿದ್ದೆ. ಇಷ್ಟೆಲ್ಲ ಕೇಳಿದ ಮೇಲೂ ತಮ್ಮ ಮನಸ್ಸು ಒಪ್ಪದಿದ್ದರೆ, ಅದನ್ನು ಬದಲಿಸಲು ನಾನು ಯತ್ನಿಸುವುದಿಲ್ಲ. ಮೊಮ್ಮಗನೆದುರು ತಮ್ಮ ಅಸಮ್ಮತಿಯನ್ನು ಬಯ್ಗುಳವಿಲ್ಲದೆ, ಕಾರಣಸಹಿತವಾಗಿ ಹೇಳಿ. ಎರಡೂ ಬದಿಯ ಮಾತು ಕೇಳಿ ಬೆಳೆದ ಮಗು ಕೋವಿಯನ್ನು ಹೆಚ್ಚು ಎಚ್ಚರದಿಂದ ಹಿಡಿಯುತ್ತದೆ.

ಪ್ರಶ್ನೆ: ಗೆಳೆಯರು ಪ್ರತಿ ವರ್ಷ ಜಿಂಕೆಯ ಮಾಂಸ ಕೊಡುತ್ತಾರೆ. ಜಿಂಕೆಗಳಿಗೆ ಏನೋ ರೋಗವಿದೆ ಎನ್ನುತ್ತಾರೆ. ಚಿಕ್ಕ ಮಕ್ಕಳಿಗೆ ಕೊಡಬಹುದೇ? (ಓದುಗರು, ವಿಸ್ಕಾನ್ಸಿನ್)

ಉತ್ತರ: ನೀವು ಕೇಳಿದ ರೋಗ ಜಿಂಕೆಯ ಮಿದುಳನ್ನು ನಿಧಾನವಾಗಿ ಹಾಳುಮಾಡಿ ಅದನ್ನು ಬಡಕಲಾಗಿಸಿ ಕೊಲ್ಲುವಂಥದು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಸಿಡಬ್ಲ್ಯುಡಿ ಎನ್ನುತ್ತಾರೆ. 1967ರಲ್ಲಿ ಕೊಲೊರಾಡೊದ ಸಾಕಿದ ಜಿಂಕೆಗಳಲ್ಲಿ ಮೊದಲಿಗೆ ಕಂಡುಬಂದ ಇದು ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ, ಆಕಾರ ಕೆಟ್ಟ ಒಂದು ಪ್ರೋಟೀನು. ಆದ್ದರಿಂದ ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ಮನುಷ್ಯರಿಗೆ ತಗಲಿದ ದೃಢಪಟ್ಟ ಪ್ರಕರಣ ಇದುವರೆಗೆ ಇಲ್ಲ. ಆದರೂ ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ರೋಗ ಕಂಡುಬಂದರೆ ಆ ಮಾಂಸವನ್ನು ತಿನ್ನಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಲಹೆ ನೀಡುತ್ತದೆ. ವಿಸ್ಕಾನ್ಸಿನ್‌ನಲ್ಲಿ ಈ ಪರೀಕ್ಷೆ ಉಚಿತ. ಗೊತ್ತುಪಡಿಸಿದ ಪೆಟ್ಟಿಗೆಗಳಲ್ಲಿ ಜಿಂಕೆಯ ತಲೆಯನ್ನು ಚೀಟಿಯೊಂದಿಗೆ ಇಟ್ಟು ಬರಬೇಕು. ಗೆಳೆಯರನ್ನು "ಪರೀಕ್ಷೆ ಆಯಿತೇ?" ಎಂದು ಕೇಳಲು ಸಂಕೋಚಪಡಬೇಡಿ, ಒಳ್ಳೆಯ ಬೇಟೆಗಾರ ಆ ಪ್ರಶ್ನೆಯಿಂದ ನೊಂದುಕೊಳ್ಳುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಆತಂಕ ಉಂಟುಮಾಡುವುದು ಸೀಸ. ಸೀಸದ ಗುಂಡು ಮೈಯೊಳಗೆ ಹೊಕ್ಕಾಗ ಕಣ್ಣಿಗೆ ಕಾಣದ ಚೂರುಗಳಾಗಿ ಒಡೆದು, ಗಾಯದಿಂದ ದೂರದವರೆಗೂ ಚದುರುತ್ತದೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ದಾನವಾಗಿ ಬಂದ ಜಿಂಕೆ ಮಾಂಸದಲ್ಲಿ ಇಂತಹ ಚೂರುಗಳು ಕಂಡುಬಂದು ಅದನ್ನು ಹಂಚದಂತೆ ತಡೆಯಲಾಗಿತ್ತು. ಎಳೆಯ ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆಯಿದ್ದರೂ ಕೆಟ್ಟದ್ದೇ. ಆರು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು, ಅದರಲ್ಲೂ ಕೈಮಾವನ್ನು, ನಾನು ಕೊಡುವುದಿಲ್ಲ. ತಾಮ್ರದ ಗುಂಡು ಹೀಗೆ ಚೂರಾಗುವುದಿಲ್ಲ. ಸ್ವಲ್ಪ ದುಬಾರಿಯಾದರೂ ಮಗುವಿನ ಕೋವಿಗೆ ಅದನ್ನೇ ಹಾಕಬೇಕೆಂಬುದು ನನ್ನ ನಿಲುವು.

ಪ್ರಶ್ನೆ: ಕಳೆದ ವರ್ಷ ನನ್ನ ಹನ್ನೆರಡು ವರ್ಷದ ಮಗಳು ತನ್ನ ಮೊದಲ ಬೇಟೆಯಲ್ಲಿ ಹೊಡೆದ ಜಿಂಕೆ ಗಾಯಗೊಂಡು ಓಡಿಹೋಯಿತು, ಸಿಗಲೇ ಇಲ್ಲ. ಅವಳು ತುಂಬ ಅತ್ತಳು. ಆಮೇಲೆ ಆ ಮಾತನ್ನೇ ಎತ್ತುತ್ತಿಲ್ಲ. ಈ ವರ್ಷ ಮತ್ತೆ ಕರೆದೊಯ್ದು ಭಯ ಬಿಡಿಸಬೇಕೆಂದುಕೊಂಡಿದ್ದೇನೆ. ಸರಿಯೇ? (ಒಬ್ಬ ತಂದೆ, ಮಿಶಿಗನ್)

ಉತ್ತರ: ನಿಮ್ಮ ಪತ್ರವನ್ನು ಓದಿ ನನ್ನ ಹಿರಿಯ ಮಗನ ಮೊದಲ ಹಂಗಾಮು ನೆನಪಾಯಿತು, ಅದನ್ನು ಹೇಳದೆ ಉತ್ತರಿಸಲಾರೆ. ಎರಡು ದಿನ ಏನೂ ಕಾಣದೆ ಕುಳಿತಿದ್ದೆವು. ಎರಡನೆಯ ಸಂಜೆ ಬೆಳಕು ಕಂತುತ್ತಿದ್ದಾಗ ಹೆಣ್ಣು ಜಿಂಕೆಯೊಂದು ಬಂದು ನಮಗೆ ಮುಖ ಮಾಡಿ ನಿಂತಿತು. ಅದು ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕೆಂದು ತರಗತಿಯಲ್ಲಿ ಇತರರ ಮಕ್ಕಳಿಗೆ ಕಲಿಸುತ್ತಿದ್ದ ನಾನೇ, ಹೊತ್ತು ಮೀರುತ್ತದೆಂಬ ಅವಸರದಲ್ಲಿ, "ಈಗಲೇ ಹೊಡಿ" ಎಂದು ಅವನ ಕಿವಿಯಲ್ಲಿ ಹೇಳಿದೆ. ಅವನು ಹೊಡೆದ. ಜಿಂಕೆ ಬೆನ್ನು ಬಾಗಿಸಿ, ನಿಧಾನವಾಗಿ ಪೊದೆಯೊಳಗೆ ಹೋಯಿತು. ನಾಲ್ಕು ಗಂಟೆ ಟಾರ್ಚು ಹಿಡಿದು ಹುಡುಕಿದೆವು, ಮರುದಿನ ಬೆಳಗ್ಗೆ ಮತ್ತೆ ಹುಡುಕಿದೆವು, ಸಿಗಲಿಲ್ಲ. ತಪ್ಪು ಅವನದಾಗಿರಲಿಲ್ಲ, ನನ್ನದಾಗಿತ್ತು. ಹಾಗೆಂದು ಅವನಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು, ಆ ವಾರವೆಲ್ಲ ಅವನು ಅದನ್ನು ತನ್ನದೆಂದೇ ಹೊತ್ತುಕೊಂಡಿದ್ದ. ಆ ಒಂದು ವಾರದ ತಡಕ್ಕಾಗಿ ನನಗೆ ಇಂದಿಗೂ ಪಶ್ಚಾತ್ತಾಪವಿದೆ.

ಆದ್ದರಿಂದ ನಿಮ್ಮ ಮೊದಲ ಕೆಲಸ ಬೇಟೆಯಲ್ಲ, ಮಾತು. ಆ ದಿನ ಏನಾಯಿತೆಂಬುದನ್ನು ನಿಮ್ಮ ಪಾಲಿನ ಹೊಣೆಯೊಂದಿಗೆ ಅವಳಿಗೆ ಬಿಡಿಸಿ ಹೇಳಿ. ಜಿಂಕೆ ಯಾವ ಕೋನದಲ್ಲಿ ನಿಂತಿತ್ತು, ದೂರ ಎಷ್ಟಿತ್ತು, ಹೊಡೆಯಲು ಒಪ್ಪಿದವರು ಯಾರು, ಹೊಡೆದ ಮೇಲೆ ಎಷ್ಟು ಹೊತ್ತು ಕಾದಿರಿ, ಎಲ್ಲವನ್ನೂ ಹೇಳಿ. ಗುಂಡು ತಾಗಿದ ಜಿಂಕೆಯನ್ನು ತಕ್ಷಣ ಹಿಂಬಾಲಿಸಿದರೆ ಅದು ಎದ್ದು ಬಹುದೂರ ಓಡುತ್ತದೆ, ಕನಿಷ್ಠ ಅರ್ಧ ಗಂಟೆ ಕೂತಲ್ಲೇ ಕೂರಬೇಕು. ಎಲೆಗಳ ಮೇಲಿನ ರಕ್ತ ನಸುಗೆಂಪಾಗಿ ನೊರೆಯಿಂದ ಕೂಡಿದ್ದರೆ ಶ್ವಾಸಕೋಶಕ್ಕೆ ತಾಗಿದೆ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾಗಿದ್ದರೆ ಯಕೃತ್ತು, ಹಸಿರು ಬೆರೆತು ವಾಸನೆಯಿದ್ದರೆ ಹೊಟ್ಟೆ. ಆಗ ಹಲವು ಗಂಟೆ ಕಾಯಬೇಕು. ಇವನ್ನೆಲ್ಲ ತಿಳಿದಾಗ ನಡೆದುಹೋದದ್ದು ಅವಳಿಗೆ ಅರ್ಥವಾಗುವ ಒಂದು ಘಟನೆಯಾಗುತ್ತದೆ, ಅಲ್ಲಿಯವರೆಗೆ ಅದು ಬರೀ ಒಂದು ಭಾರ. ಮಿಶಿಗನ್ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಗಾಯಗೊಂಡ ಜಿಂಕೆಯ ಜಾಡು ಹಿಡಿಯಲು ಪಳಗಿಸಿದ ನಾಯಿಗಳನ್ನು ತರುವ ಜನರಿದ್ದಾರೆ. ಅಂತಹವರ ಫೋನ್ ಸಂಖ್ಯೆಯನ್ನು ಮುಂದಿನ ಸಲ ಮೊದಲೇ ಜೇಬಿನಲ್ಲಿಟ್ಟುಕೊಂಡಿರಿ.

"ಭಯ ಬಿಡಿಸಬೇಕು" ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅವಳಿಗೆ ಇರುವುದು ಭಯವಲ್ಲ. ತನ್ನಿಂದ ಒಂದು ಜೀವ ನರಳಿತೆಂಬುದು ಅವಳಿಗೆ ತಟ್ಟಿದೆ. ಕೋವಿ ಹಿಡಿಯುವ ಪ್ರತಿಯೊಬ್ಬರಿಗೂ ಅದು ತಟ್ಟಬೇಕು. ಅದನ್ನು ಬಿಡಿಸಲು ಹೋಗಬೇಡಿ. ಕೋವಿಯನ್ನು ಮನೆಯಲ್ಲೇ ಬಿಟ್ಟು, ಬೇಸಿಗೆಯ ಕೊನೆಯಲ್ಲಿ ಒಂದೆರಡು ಸಂಜೆ ಅವಳನ್ನು ಅದೇ ಹೊಲದ ಅಂಚಿಗೆ ದುರ್ಬೀನಿನೊಂದಿಗೆ ಕರೆದೊಯ್ಯಿರಿ. ಆ ಹೊತ್ತಿಗೆ ಗಂಡು ಜಿಂಕೆಗಳ ಕೊಂಬಿನ ಮೇಲೆ ಇನ್ನೂ ಮೃದುವಾದ ತೊಗಲು ಇರುತ್ತದೆ, ಮರಿಗಳ ಮೈಮೇಲಿನ ಬಿಳಿ ಚುಕ್ಕೆಗಳು ಮಾಸುತ್ತಿರುತ್ತವೆ. ಅವಳೇ ಮುಂದೆ ಬಂದು ಈ ವರ್ಷದ ಬೇಟೆಯ ಬಗ್ಗೆ ಕೇಳಿದರೆ ಪೇಪರ್ ತಟ್ಟೆಯ ಅಭ್ಯಾಸದಿಂದ ಮತ್ತೆ ಆರಂಭಿಸಿ. ಕೇಳದಿದ್ದರೆ ಹಂಗಾಮು ಬಂದಾಗ ನೀವೊಬ್ಬರೇ ಹೋಗಿಬನ್ನಿ, ಬಂದ ಮೇಲೆ ಏನು ಕಂಡಿರಿ ಎಂಬುದನ್ನು ಅವಳು ಕೇಳಿದಷ್ಟು ಮಾತ್ರ ಹೇಳಿ. ನನ್ನ ಮಗ ಮೂರು ವರ್ಷ ಕೇಳಲಿಲ್ಲ. ನಾಲ್ಕನೆಯ ವರ್ಷ ಒಂದು ಮುಂಜಾನೆ ನಾನು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಅವನು ತನ್ನ ಕಿತ್ತಳೆ ಅಂಗಿ ತೊಟ್ಟು, ಕೋವಿಯಿಲ್ಲದೆ, ಬಾಗಿಲ ಬಳಿ ಬಂದು ನಿಂತ.